ತಂದೆಯ ಕೋಣೆಯ ಬಾಗಿಲು

ವಿದ್ಯುತ್ ಬಿಲ್ಲಿಗೆಂದು ಕೊಟ್ಟ ಹಣವನ್ನು ನನ್ನ ಮಗ ಸ್ನೇಹಿತನೊಬ್ಬನ ಪರೀಕ್ಷಾ ಶುಲ್ಕಕ್ಕೆ ಕೊಟ್ಟು ಬಂದಿದ್ದ. ಅವನ ಮಾತು ಮುಗಿಯುವ ಮೊದಲೇ ನಾನು ಕೂಗಾಡಿದೆ. ಆ ರಾತ್ರಿ ಬೇಸರ ಕಳೆಯಲೆಂದು ಹಳೆಯದೊಂದು ಅಮೆರಿಕನ್ ವಿನೋದ ಚಿತ್ರವನ್ನು ನೋಡುತ್ತ ಕುಳಿತೆ. ಜಾರ್ಜ್ ಬಿ. ಸೈಟ್ಸ್ ನಿರ್ದೇಶಿಸಿ, 1938ರಲ್ಲಿ ತೆರೆಕಂಡ ‘ಲವ್ ಫೈಂಡ್ಸ್ ಆಂಡಿ ಹಾರ್ಡಿ’ ಅದು.

ಕಾರ್ವೆಲ್ ಎಂಬ ಕಾಲ್ಪನಿಕ ಊರಿನ ನ್ಯಾಯಾಧೀಶರ ಮಗ ಆಂಡಿ. ಕ್ರಿಸ್‌ಮಸ್ ಮುನ್ನಾದಿನದ ನೃತ್ಯಕೂಟಕ್ಕೆ ಗೆಳತಿ ಪಾಲಿಯನ್ನು ಸ್ವಂತ ಕಾರಿನಲ್ಲಿ ಕರೆದೊಯ್ಯಬೇಕೆಂಬುದು ಅವನ ಹಂಬಲ. ಹಳೆಯ ಕಾರಿನ ಬೆಲೆ 20 ಡಾಲರು. 12 ಕೊಟ್ಟಾಗಿದೆ, 8 ಬಾಕಿ. ಅಷ್ಟರಲ್ಲಿ ಪರಊರಿಗೆ ಹೊರಟ ಸ್ನೇಹಿತನೊಬ್ಬ, ತನ್ನ ಗೆಳತಿ ಸಿಂಥಿಯಾಳನ್ನು ಬೇರೆಯವರು ಒಲಿಸಿಕೊಳ್ಳದಂತೆ ನೋಡಿಕೊಂಡರೆ ಆ ಹಣ ಕೊಡುವೆನೆನ್ನುತ್ತಾನೆ. ಗೆಳೆಯನಿಗೆ ಉಪಕಾರ, ತನಗೆ ಕಾರು! ಆಂಡಿ ಒಪ್ಪುತ್ತಾನೆ. ಆದರೆ ಸ್ನೇಹಿತ ಇನ್ನೊಬ್ಬಳಿಗೆ ಮನಸೋತು ಮಾತಿಗೆ ತಪ್ಪುತ್ತಾನೆ. ಪಕ್ಕದ ಮನೆಗೆ ಬಂದ ಬೆಟ್ಸಿ ಎಂಬ ಬಾಲೆ ಮಾತ್ರ, ಆಂಡಿಯ ಮೇಲಿನ ತನ್ನ ಒಲವನ್ನು ನುಂಗಿಕೊಂಡು, ಅವನ ಸಿಕ್ಕು ಬಿಡಿಸಲು ನಿಲ್ಲುತ್ತಾಳೆ.

ಆಂಡಿಯ ಫಜೀತಿಗಳೆಲ್ಲ ಬಂದು ನಿಲ್ಲುವುದು ತಂದೆಯ ಕೋಣೆಯಲ್ಲಿ. ಲೂಯಿಸ್ ಸ್ಟೋನರ ನ್ಯಾಯಾಧೀಶರು ಮನೆಯಲ್ಲಿ ತೀರ್ಪು ಕೊಡುವ ಮೊದಲು ಕಿವಿ ಕೊಡುತ್ತಾರೆ. ಕಾಯಿಲೆ ಬಿದ್ದ ತನ್ನ ತಾಯಿಯನ್ನು ನೋಡಲು ಹೆಂಡತಿ ಕೆನಡಾಕ್ಕೆ ಹೋಗಿ, ಸುದ್ದಿ ತಿಳಿಯದೆ ಅವರು ಕಳವಳಪಡುವಾಗ, ಹವ್ಯಾಸಿ ರೇಡಿಯೊ ಇಟ್ಟುಕೊಂಡ ಹುಡುಗನೊಬ್ಬನ ಮೂಲಕ ದಾರಿ ತೋರುವವನು ಇದೇ ಮಗ. ಮಾತು ಕೇಳಿಸಿಕೊಂಡ ತಂದೆಗೆ ಹುಡುಗನ ಉಪಯೋಗವೂ ತಿಳಿಯಿತು.

1937ರಿಂದ 1958ರವರೆಗೆ ಹಾರ್ಡಿ ಕುಟುಂಬದ ಕುರಿತು 16 ಚಿತ್ರಗಳು ಬಂದವು. ಅಮೆರಿಕದ ಗೃಹಜೀವನಕ್ಕೆ ಅವೇ ಮಾದರಿಯೆಂದು ಜನ ನಂಬಿದರು. ಆದರೆ ಆ ಮನೆಯನ್ನು ನಮ್ಮೆದುರು ಕಟ್ಟಿದ ಮಕ್ಕಳ ಮನೆಗಳು ಹೇಗಿದ್ದವು? ಆಂಡಿಯಾದ ಮಿಕ್ಕಿ ರೂನಿ ರಂಗದ ಮೇಲೆಯೇ ಬೆಳೆದ ಕೂಸು. ಅವನು ಚಿಕ್ಕವನಿದ್ದಾಗಲೇ ತಂದೆತಾಯಿ ಅಗಲಿದ್ದರು. ಬೆಟ್ಸಿಯಾದ ಜೂಡಿ ಗಾರ್ಲೆಂಡ್ 13ನೆಯ ವಯಸ್ಸಿಗೆ, 1935ರಲ್ಲಿ, ತಂದೆಯನ್ನು ಕಳೆದುಕೊಂಡಿದ್ದಳು. ಸಿಂಥಿಯಾಳಾದ ಲಾನಾ ಟರ್ನರಳ ತಂದೆ 1930ರಲ್ಲಿ ಕೊಲೆಯಾಗಿದ್ದ. ಚಿತ್ರ ಹೊರಬಂದಾಗ ಮೂವರೂ 16–17ರ ಹರೆಯದವರು.

ಇದನ್ನು ಅರಿತ ಮೇಲೆ ಆ ಕೋಣೆಯ ದೃಶ್ಯ ನನಗೆ ಬರಿಯ ನಗೆಯಾಗಿ ಉಳಿಯಲಿಲ್ಲ. ಎದುರಿಗೆ ಕುಳಿತು ಕೇಳುವ ತಂದೆಯೊಬ್ಬನಿದ್ದರೆ ಹೇಗಿರುತ್ತದೆಂಬುದನ್ನು ರೂನಿ ಎಷ್ಟು ಆಸೆಯಿಂದ ಅಭಿನಯಿಸಿದ್ದಾನೆ ಎನಿಸಿತು. ಅದು ನನ್ನ ಊಹೆಯಿರಬಹುದು. ಆದರೆ ನನ್ನ ಮಗನಿಗೆ ಅಂಥ ತಂದೆಯನ್ನು ಊಹಿಸಿಕೊಳ್ಳುವ ಗತಿ ಏಕೆ ಬರಬೇಕು?

ಚಿತ್ರ ಮುಗಿದಾಗ ಅವನ ಕೋಣೆಯಲ್ಲಿ ಇನ್ನೂ ದೀಪವಿತ್ತು. ಹೋಗಿ ಮಂಚದ ಅಂಚಿನಲ್ಲಿ ಕುಳಿತೆ.

‘ಈಗ ಮೊದಲಿಂದ ಹೇಳಪ್ಪ’ ಎಂದೆ.