ಟಯರಿನ ಊರಿನ ರಗ್ಬಿ ತಂಡ

ಕಾರ್ಖಾನೆಯೊಂದು ಆಟದ ತಂಡವನ್ನು ಕಟ್ಟಿ ಸಾಕುವುದು ನಮಗೆ ಹೊಸ ಸಂಗತಿಯೇನಲ್ಲ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ಫುಟ್‌ಬಾಲ್ ತಂಡಗಳ ಹೆಸರು ಕೇಳದ ಹಳೆಯ ಕ್ರೀಡಾಪ್ರೇಮಿ ಇರಲಾರ. ಕೇರಳದ ನಿವಾಸಿಗಳಾದ ನಮಗಂತೂ ಕಳಮಶ್ಶೇರಿಯ ಪ್ರೀಮಿಯರ್ ಟಯರ್ಸ್ ತಂಡದ ಹೆಸರು ಇನ್ನೂ ಮರೆತುಹೋಗಿಲ್ಲ. 1970ರ ದಶಕದಲ್ಲಿ ಕೇರಳದ ಫುಟ್‌ಬಾಲಿನಲ್ಲಿ ಎದ್ದು ಕಾಣುತ್ತಿದ್ದ ತಂಡಗಳಲ್ಲಿ ಅದೂ ಒಂದು. 1995ರಲ್ಲಿ ಆ ಕಾರ್ಖಾನೆ ಅಪೊಲೊ ಟಯರ್ಸ್ ಕಂಪೆನಿಯ ಕೈಸೇರಿತು. ಪ್ರೀಮಿಯರ್ ಟಯರ್ಸ್ ಎಂಬ ತಂಡ ಇಂದು ಹಳಬರ ಮಾತುಕತೆಯಲ್ಲಿ ಮಾತ್ರ ಬದುಕಿದೆ.

ಹಾಗಾದರೆ ಕಂಪೆನಿ ಕಟ್ಟಿದ ತಂಡ ನಿಜವಾಗಿ ಯಾರದು? ಕಂಪೆನಿಯದೋ, ಊರಿನದೋ? ಈ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ಫ್ರಾನ್ಸ್ ದೇಶದ ಎರಡು ಊರುಗಳ ಕಥೆಯನ್ನು ನೋಡಬಹುದು. ಒಂದು ಟಯರಿನ ಊರು, ಇನ್ನೊಂದು ಕಾರಿನ ಊರು. ಮೊದಲನೆಯದರ ಬಗ್ಗೆ ಹೇಳಬೇಕಾದದ್ದು ಹೆಚ್ಚಿದೆ.

ಫ್ರಾನ್ಸಿನ ನಡುಭಾಗದಲ್ಲಿ ಓವೆರ್ನ್ ಎಂಬ ಗುಡ್ಡಗಾಡು ಪ್ರಾಂತ. ಎಂದೋ ಆರಿಹೋದ ಜ್ವಾಲಾಮುಖಿಗಳ ಸಾಲು ಅಲ್ಲಿದೆ. ಅವುಗಳಲ್ಲಿ ಹೆಸರಾದದ್ದು 1,465 ಮೀಟರ್ ಎತ್ತರದ ಪುಯ್ ದ ದೋಮ್ ಶಿಖರ. ಅದರ ಸಮೀಪದಲ್ಲಿ ಕ್ಲೆರ್ಮೊಂ-ಫೆರಾಂ ಪಟ್ಟಣ. ಅಲ್ಲಿಯ ದೊಡ್ಡ ಇಗರ್ಜಿಯೂ ಕಪ್ಪು ಲಾವಾ ಕಲ್ಲಿನದೇ. ವಾಸ್ತವದಲ್ಲಿ ಇದು ಒಂದು ಊರಲ್ಲ, ಎರಡು. ಕ್ಲೆರ್ಮೊಂ ಮತ್ತು ಮೊಂಫೆರಾಂ ಎಂಬ ನೆರೆಯ ಊರುಗಳನ್ನು 1630ರಲ್ಲಿ ರಾಜಾಜ್ಞೆಯಿಂದ ಒಂದುಗೂಡಿಸಲಾಯಿತು. ಆಜ್ಞೆಯಿಂದ ಊರುಗಳು ಸೇರಿದ ಮಾತ್ರಕ್ಕೆ ಮನಸ್ಸುಗಳು ಸೇರುವುದಿಲ್ಲವೆಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. ಮೊಂಫೆರಾಂನವರು ತಾವು ಬೇರೆಯೇ ಎಂಬ ಭಾವನೆಯನ್ನು ಬಹುಕಾಲ ಉಳಿಸಿಕೊಂಡು ಬಂದರು. ಕಾರ್ಖಾನೆ ಬೆಳೆದದ್ದೂ, ಆಟದ ಮೈದಾನ ಎದ್ದದ್ದೂ ಆ ಮಗ್ಗುಲಿನಲ್ಲಿಯೇ.

ಕಾರ್ಖಾನೆಯೆಂದರೆ ಮಿಶೆಲಿನ್. ಆಂದ್ರೆ ಮತ್ತು ಎದುವಾರ್ ಎಂಬ ಸಹೋದರರು 1889ರಲ್ಲಿ ಆ ಹೆಸರಿನ ಕಂಪೆನಿಯನ್ನು ನಡೆಸತೊಡಗಿದರು. ಚಕ್ರದಿಂದ ಸುಲಭವಾಗಿ ಬಿಚ್ಚಿ ಹಾಕಬಹುದಾದ, ಗಾಳಿ ತುಂಬುವ ಸೈಕಲ್ ಟಯರನ್ನು ಅವರು 1891ರಲ್ಲಿ ಹೊರತಂದರು. 1895ರಲ್ಲಿ ಪ್ಯಾರಿಸ್‌ನಿಂದ ಬೋರ್ದೋಗೆ ಹೋಗಿ ಹಿಂದಿರುಗುವ ಪಂದ್ಯದಲ್ಲಿ ಗಾಳಿ ಟಯರಿನ ಕಾರನ್ನು ತಾವೇ ಓಡಿಸಿ ತೋರಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರೇಡಿಯಲ್ ಟಯರನ್ನು ಲೋಕಕ್ಕೆ ಕೊಟ್ಟದ್ದೂ ಈ ಕಂಪೆನಿಯೇ. ಫೆರಾರಿ ಎಂಬ ಹೆಸರಾಂತ ಓಟದ ಕಾರು 1979ರಲ್ಲಿ ಫಾರ್ಮುಲಾ ಒನ್ ಜಾಗತಿಕ ಪಟ್ಟ ಗೆದ್ದಾಗ ಅದರ ಅಡಿಯಲ್ಲಿ ಉರುಳುತ್ತಿದ್ದುದು ಮಿಶೆಲಿನ್ ಟಯರು. ಇಷ್ಟು ಹಿನ್ನೆಲೆ ಸಾಕು.

1911 ಈ ಊರಿಗೆ ಮರೆಯಲಾಗದ ವರ್ಷ. ಪ್ಯಾರಿಸ್ ಕಡೆಯಿಂದ ಒಬ್ಬ ಸಹಪ್ರಯಾಣಿಕನೊಡನೆ ಆರು ಗಂಟೆಗಳೊಳಗೆ ವಿಮಾನದಲ್ಲಿ ಬಂದು ಪುಯ್ ದ ದೋಮ್ ನೆತ್ತಿಯ ಮೇಲೆ ಇಳಿಯುವವನಿಗೆ ಒಂದು ಲಕ್ಷ ಫ್ರಾಂಕ್ ಬಹುಮಾನವೆಂದು ಮಿಶೆಲಿನ್ ಸಹೋದರರು 1908ರಲ್ಲಿ ಘೋಷಿಸಿದ್ದರು. ಆಗಿನ ವಿಮಾನಗಳ ಸ್ಥಿತಿಯನ್ನು ನೋಡಿದರೆ ಅದು ಆಗದ ಮಾತೆಂದೇ ಜನ ಭಾವಿಸಿದ್ದರು. 1911ರ ಮಾರ್ಚ್ 7ರಂದು ಯುಜೀನ್ ರೆನೋ ಎಂಬವನು ಅದನ್ನು ಸಾಧಿಸಿ ಬಹುಮಾನ ಪಡೆದ. ಅದೇ ವರ್ಷ ಆಂದ್ರೆಯವರ ಮಗ ಮಾರ್ಸೆಲ್ ಮಿಶೆಲಿನ್ ಕಾರ್ಖಾನೆಯ ನೌಕರರಿಗಾಗಿ ಒಂದು ಕ್ರೀಡಾ ಸಂಘವನ್ನು ಸ್ಥಾಪಿಸಿದರು. ಆಗ ಅವರಿಗೆ ಇಪ್ಪತ್ತೈದರ ಪ್ರಾಯ. ಸಂಘದ ಮೊದಲ ಅಧ್ಯಕ್ಷರೂ ಅವರೇ.

ಹಲವು ಆಟಗಳಿದ್ದ ಆ ಸಂಘದಲ್ಲಿ ಮೆರೆದದ್ದು ರಗ್ಬಿ. ನಮ್ಮ ಕಡೆ ಈ ಆಟದ ಬಳಕೆ ಕಡಿಮೆಯಾದ್ದರಿಂದ ಎರಡು ಮಾತು ಹೇಳಬೇಕು. ಒಂದೊಂದು ಪಕ್ಷದಲ್ಲಿ ಹದಿನೈದು ಮಂದಿ. ಚೆಂಡು ಉರುಟಾಗಿರದೆ ಮೊಟ್ಟೆಯಂತೆ ಉದ್ದವಾಗಿರುತ್ತದೆ. ಅದನ್ನು ಕೈಯಲ್ಲಿ ಅವಚಿಕೊಂಡು ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಜೊತೆಗಾರನಿಗೆ ಕೊಡುವಾಗ ಮುಂದಕ್ಕೆ ಎಸೆಯಕೂಡದು. ಚೆಂಡು ಹಿಡಿದವನನ್ನು ಎದುರಾಳಿಗಳು ಸೊಂಟಕ್ಕೋ ಕಾಲಿಗೋ ಕೈಹಾಕಿ ಕೆಡವುತ್ತಾರೆ. ಕಬಡ್ಡಿಯಲ್ಲಿ ದಾಳಿಗಾರನನ್ನು ಹಿಡಿದು ಉರುಳಿಸುವುದನ್ನು ಕಂಡು ಬೆಳೆದ ಈ ಜಿಲ್ಲೆಯ ಹುಡುಗರಿಗೆ ಅದರ ಹುರುಪು ಹೇಳದೆಯೇ ಅರ್ಥವಾದೀತು. ಮೈಬಲವೂ ಒಗ್ಗಟ್ಟೂ ಬೇಕಾದ ಈ ಆಟ ಕಾರ್ಖಾನೆಯ ದುಡಿಮೆಗಾರರಿಗೆ ಒಗ್ಗಿಬಂತು.

ಹೆಸರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಸಂಘದ ಮೊದಲ ಹೆಸರು ಅಸೋಸಿಯಾಸಿಯೊಂ ಸ್ಪೋರ್ತಿವ್ ಮಿಶೆಲಿನ್, ಚುಟುಕಾಗಿ ಎ.ಎಸ್.ಎಂ. ವ್ಯಾಪಾರದ ಹೆಸರನ್ನು ಕ್ರೀಡಾ ಸಂಘಕ್ಕೆ ಇಡಬಾರದೆಂಬ ಆಕ್ಷೇಪ ಕ್ರೀಡಾ ಆಡಳಿತದಿಂದ ಬಂತು. ಮೊದಲ ಮಹಾಯುದ್ಧದ ನಂತರ ‘ಮಿಶೆಲಿನ್’ ಎಂಬುದನ್ನು ತೆಗೆದು ಊರಿನ ಹೆಸರಿನಿಂದ ‘ಮೊಂಫೆರಾಂದೇಸ್’ ಎಂದು ಸೇರಿಸಿದರು. ಎ.ಎಸ್.ಎಂ. ಎಂಬ ಮೂರಕ್ಷರ ಹಾಗೆಯೇ ಉಳಿಯಿತು! ಆಟಗಾರರು ತೊಟ್ಟದ್ದು ಕಂಪೆನಿಯ ಹಳದಿ ಮತ್ತು ನೀಲಿ ಬಣ್ಣಗಳನ್ನೇ. ಮಾಲಕರ ಚಾಣಾಕ್ಷತೆ ಎನ್ನಬೇಕಾದವರು ಹಾಗೆನ್ನಬಹುದು. ಆದರೆ ಅದೇ ದಿನ, ಯಾರ ಗಮನಕ್ಕೂ ಬಾರದಂತೆ, ತಂಡದ ಹೆಸರಿನಲ್ಲಿ ಕಂಪೆನಿಯ ಜಾಗದಲ್ಲಿ ಊರು ಬಂದು ಕುಳಿತಿತು ಎಂಬುದೂ ನಿಜ.

ಆಟವನ್ನು ಹಣಕ್ಕಾಗಿ ಆಡಕೂಡದೆಂಬ ನಿಯಮ ರಗ್ಬಿಯಲ್ಲಿ 1995ರ ತನಕ ಇತ್ತು. ಆದ್ದರಿಂದ ಒಳ್ಳೆಯ ಆಟಗಾರನಿಗೆ ಕೊಡಬಹುದಾದ ದೊಡ್ಡ ಆಕರ್ಷಣೆಯೆಂದರೆ ಉದ್ಯೋಗ. ನಮ್ಮಲ್ಲಿ ರೈಲ್ವೆ, ಪೊಲೀಸು, ಬೇಂಕುಗಳು ಆಟಗಾರರನ್ನು ಸೇರಿಸಿಕೊಂಡಂತೆಯೇ ಸರಿ. ಅಲ್ಲದೆ ಮಿಶೆಲಿನ್ ಕೊಡುತ್ತಿದ್ದುದು ಆಟದ ಮೈದಾನವೊಂದನ್ನೇ ಅಲ್ಲ. ಕಂಪೆನಿಯ ಬಡಾವಣೆಯ ಮನೆ, ಕಂಪೆನಿಯ ಶಾಲೆ, ಕಂಪೆನಿಯ ಆಸ್ಪತ್ರೆ, ಕಂಪೆನಿಯ ಸಹಕಾರಿ ಅಂಗಡಿ. ತೊಟ್ಟಿಲಿನಿಂದ ಮುಪ್ಪಿನ ತನಕ ಒಂದೇ ಯಜಮಾನ. ಇದು ವಾತ್ಸಲ್ಯವೋ, ಕಾರ್ಮಿಕ ಸಂಘಗಳಿಂದ ದೂರವಿರಿಸುವ ಉಪಾಯವೋ ಎಂಬ ಚರ್ಚೆ ಅಲ್ಲಿ ಹಿಂದಿನಿಂದಲೂ ನಡೆದಿದೆ. ಎರಡೂ ಇತ್ತೆಂದೇ ನನ್ನ ಎಣಿಕೆ.

ಈ ವಾತ್ಸಲ್ಯಕ್ಕೆ ಎಲ್ಲೆಯಿತ್ತು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ರಬ್ಬರ್ ಮರಕ್ಕೆ ಗೀರು ಹಾಕಿ ಹಾಲು ಇಳಿಸುವ ದುಡಿಮೆ ಎಂಥದೆಂದು ನಮ್ಮ ಜಿಲ್ಲೆಯ ಮಲೆನಾಡಿನ ಮನೆಗಳಿಗೆ ಗೊತ್ತು. ಮಿಶೆಲಿನ್ ಕಂಪೆನಿಯ ಸ್ವಂತ ರಬ್ಬರ್ ತೋಟಗಳು ಅಂದು ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನಲ್ಲಿದ್ದವು. ಉತ್ತರದ ಬಡ ಹಳ್ಳಿಗಳಿಂದ ಕರಾರಿನ ಮೇಲೆ ಕರೆತಂದ ಕೂಲಿಗಳು ಅಲ್ಲಿ ಪೆಟ್ಟು ತಿಂದು, ಮಲೇರಿಯಾದಿಂದ ನರಳಿ ದುಡಿದರು. ಫು ರಿಯೆಂಗ್ ಎಂಬ ತೋಟದಲ್ಲಿ 1930ರ ಫೆಬ್ರವರಿಯಲ್ಲಿ ಸಾವಿರಾರು ಮಂದಿ ಮುಷ್ಕರ ಹೂಡಿದರು. ವಿಯೆಟ್ನಾಮಿನ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಮೊಂಫೆರಾಂನಲ್ಲಿ ಹುಲ್ಲು ಹಾಸಿದ ಮೈದಾನಕ್ಕೆ ಸಂದ ಹಣದಲ್ಲಿ ಈ ಕೂಲಿಗಳ ಬೆವರೂ ಇತ್ತು.

ಮಾರ್ಸೆಲ್ ಮಿಶೆಲಿನ್ ಅವರ ಅಂತ್ಯ ಕರುಣಾಜನಕ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ ಅವರು ಗುಪ್ತ ಪ್ರತಿರೋಧ ಚಳವಳಿಗೆ ಸೇರಿದರು. 1943ರಲ್ಲಿ ಅವರ ಬಂಧನವಾಯಿತು. ಬುಖೆನ್‌ವಾಲ್ಡ್ ಎಂಬ ಕುಖ್ಯಾತ ಬಂದಿ ಶಿಬಿರಕ್ಕೆ ಸಾಗಿಸಲ್ಪಟ್ಟ ಅವರು 1945ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳು ಉಳಿದಿರುವಾಗ, ಅದಕ್ಕೆ ಸೇರಿದ ಓರ್ಡ್ರುಫ್ ಶಿಬಿರದಲ್ಲಿ ತೀರಿಕೊಂಡರು. ಯುದ್ಧಾನಂತರ ಮೈದಾನಕ್ಕೆ ಮಾರ್ಸೆಲ್ ಮಿಶೆಲಿನ್ ಕ್ರೀಡಾಂಗಣವೆಂದು ಹೆಸರಿಟ್ಟರು. ಜಾಹೀರಾತಿಗಾಗಿ ಹಣ ಕೊಟ್ಟು ಕ್ರೀಡಾಂಗಣಗಳಿಗೆ ಹೆಸರು ಹಚ್ಚುವ ಈ ಕಾಲದಲ್ಲಿ ಅದನ್ನೂ ಆ ಸಾಲಿಗೆ ಸೇರಿಸಿ ನೋಡುವವರಿದ್ದಾರೆ. ಅದು ಕಂಪೆನಿಯ ಫಲಕವಲ್ಲ, ತೀರಿಹೋದ ಒಬ್ಬ ಮನುಷ್ಯನ ಹೆಸರು.

ಇನ್ನು ಆಟದ ಮಾತು. ಫ್ರಾನ್ಸಿನ ರಗ್ಬಿ ಪ್ರಶಸ್ತಿಯೆಂದರೆ ಬ್ರೆನ್ನುಸ್ ಗುರಾಣಿ. ಮರದ ಹಲಗೆಗೆ ಲೋಹದ ತಗಡು ಕೂರಿಸಿದ್ದು, 1892ರಿಂದ ನಡೆದುಬಂದದ್ದು. ಎ.ಎಸ್.ಎಂ. ಮೊದಲ ಬಾರಿಗೆ ಅಂತಿಮ ಪಂದ್ಯ ತಲುಪಿದ್ದು 1936ರಲ್ಲಿ. ಸೋತಿತು. ಮರುವರ್ಷವೂ ಸೋತಿತು. 1970ರಲ್ಲಿ ಲಾ ವುಲ್ತ್ ಎಂಬ ಪುಟ್ಟ ಊರಿನ ತಂಡದೆದುರು 3-0 ಅಂಕಗಳಿಂದ, 1978ರಲ್ಲಿ ಬೆಜಿಯೆ ತಂಡದೆದುರು 31-9ರಿಂದ ಸೋಲು. 1994, 1999, 2001, ಈ ಮೂರು ಸಲವೂ ತುಲೂಸ್ ತಂಡ ಅಡ್ಡ ಬಂತು. ಈ ನಡುವೆ 2004ರಲ್ಲಿ ತಂಡದ ಹೆಸರು ಎ.ಎಸ್.ಎಂ. ಕ್ಲೆರ್ಮೊಂ ಓವೆರ್ನ್ ಎಂದಾಯಿತು. ಮೊಂಫೆರಾಂ ಹೋಗಿ ಇಡೀ ಪಟ್ಟಣವೂ ಪ್ರಾಂತವೂ ಒಳಗೆ ಬಂದವು. 2007, 2008, 2009, ಸಾಲಾಗಿ ಮೂರು ವರ್ಷ ಮತ್ತೆ ಅಂತಿಮ ಪಂದ್ಯ, ಮತ್ತೆ ಸೋಲು. ಹತ್ತಕ್ಕೆ ಹತ್ತು! ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಎರಡು ಸಲ ಕುಳಿತ ಹುಡುಗ ಮೂರನೆಯ ಸಲ ಬರುವುದೇ ಅಪರೂಪ. ಇವರು ಎಪ್ಪತ್ತಕ್ಕೂ ಹೆಚ್ಚು ವರ್ಷ ಬಂದರು.

2010ರ ಮೇ 29ರಂದು ಹನ್ನೊಂದನೆಯ ಪ್ರಯತ್ನ. ಎದುರಾಳಿ, ಹಿಂದಿನ ವರ್ಷ ಇವರನ್ನು ಸೋಲಿಸಿದ್ದ ಪರ್ಪಿನ್ಯಾಂ ತಂಡವೇ. ನ್ಯೂಜಿಲೆಂಡಿನ ವರ್ನ್ ಕಾಟರ್ ತರಬೇತುದಾರರು. ನಾಯಕ ಓರೆಲಿಯಾಂ ರುಜೆರಿ ಊರಿನ ಮಗ. ತಂದೆ ಝಾಕ್ ರುಜೆರಿಯೂ ಇದೇ ತಂಡಕ್ಕೆ ಆಡಿದವರು. 19-6 ಅಂಕಗಳಿಂದ ಕ್ಲೆರ್ಮೊಂ ಗೆದ್ದಿತು. ಪಟ್ಟಣದ ನಡುವಿನ ಝೋದ್ ಚೌಕದಲ್ಲಿ ಕಾದಿದ್ದ ಜನಸಾಗರ ಹಳದಿ ನೀಲಿಯಾಗಿತ್ತು. ಮರಳಿ 2017ರಲ್ಲಿ ತುಲೋಂ ತಂಡವನ್ನು 22-16ರಿಂದ ಮಣಿಸಿ ಎರಡನೆಯ ಬಾರಿ ಗುರಾಣಿ ತಂದರು. 2009ರ ಕೊನೆಯಿಂದ 2014ರ ತನಕ ಸ್ವಂತ ಮೈದಾನದಲ್ಲಿ 77 ಪಂದ್ಯಗಳನ್ನು ಸೋಲದೆ ಆಡಿದ್ದೂ ಈ ತಂಡದ ಹಿರಿಮೆ.

ಆದರೆ ಮೇಲೆ ಹೇಳಿದ ಸೋಲಿನ ವರ್ಷಗಳಲ್ಲಿ 1999ನ್ನು ಬೇರೊಂದು ಕಾರಣಕ್ಕಾಗಿ ನೆನೆಯಬೇಕು. ಆ ಸೆಪ್ಟೆಂಬರಿನಲ್ಲಿ ಮಿಶೆಲಿನ್ ಕಂಪೆನಿ ಅರ್ಧವರ್ಷದ ಲಾಭ ಹೆಚ್ಚಿದೆಯೆಂದೂ, ಯುರೋಪಿನಲ್ಲಿ 7,500 ಉದ್ಯೋಗಗಳನ್ನು ತೆಗೆಯುವೆವೆಂದೂ ಒಟ್ಟಿಗೇ ಪ್ರಕಟಿಸಿತು. ಲಾಭ ಬಂದಾಗಲೂ ಕೆಲಸ ಹೋಗುವುದೇ ಎಂದು ಫ್ರಾನ್ಸಿನಲ್ಲೆಲ್ಲ ಗದ್ದಲವೆದ್ದಿತು. ಕ್ಲೆರ್ಮೊಂನಲ್ಲಿ 1980ರ ಸುಮಾರಿಗೆ ಮೂವತ್ತು ಸಾವಿರದಷ್ಟು ಮಂದಿಗೆ ಅನ್ನ ಕೊಡುತ್ತಿದ್ದ ಕಾರ್ಖಾನೆಗಳಲ್ಲಿ ಈಗ ಅದರ ಮೂರನೆಯ ಒಂದು ಪಾಲಿನಷ್ಟು ಜನರೂ ಕಷ್ಟದಿಂದ ಇದ್ದಾರು. ಕಂಪೆನಿಯ ಮನೆ, ಶಾಲೆ, ಅಂಗಡಿಗಳ ಕಾಲ ಮುಗಿಯಿತು. ಹಳೆಯ ಯಜಮಾನಿಕೆಯಿಂದ ಊರಿಗೆ ಉಳಿದ ದೊಡ್ಡ ಬಾಬತ್ತು ಆ ರಗ್ಬಿ ತಂಡ. ತಂದೆಗೆ ಕಾರ್ಖಾನೆಯಲ್ಲಿ ಕೆಲಸವಿತ್ತು, ಮಗನಿಗೆ ಇಲ್ಲ. ಕ್ರೀಡಾಂಗಣಕ್ಕೆ ಮಾತ್ರ ಇಬ್ಬರೂ ಹೋಗುತ್ತಾರೆ. ಕಂಪೆನಿಯ ಬೆಂಬಲವೇನೋ ತಂಡಕ್ಕೆ ತಪ್ಪಿಲ್ಲ.

ಬೆಂಬಲವೇ ತಪ್ಪಿದ ಊರು ಎರಡನೆಯದು, ಪೂರ್ವ ಫ್ರಾನ್ಸಿನ ಸೋಶೋ. ಅಲ್ಲಿಯದು ಪ್ಯೂಜೋ ಕಾರಿನ ಕಾರ್ಖಾನೆ, ಆಟ ಫುಟ್‌ಬಾಲ್. ಝಾಂ-ಪಿಯೆರ್ ಪ್ಯೂಜೋ 1928ರಲ್ಲಿ ತಂಡ ಕಟ್ಟಿದರು. ಫ್ರಾನ್ಸಿನಲ್ಲಿ ಸಂಬಳದ ಫುಟ್‌ಬಾಲಿಗೆ ಅಧಿಕೃತ ಮುದ್ರೆ ಬಿದ್ದದ್ದು 1932ರಲ್ಲಿ. ಅದಕ್ಕೆ ಮೊದಲೇ ಪ್ಯೂಜೋ ಸಂಬಳ ಕೊಟ್ಟು ಆಟಗಾರರನ್ನು ಕರೆತಂದಿತ್ತು. 1935 ಮತ್ತು 1938ರಲ್ಲಿ ತಂಡ ದೇಶದ ಚಾಂಪಿಯನ್ ಆಯಿತು. 1937 ಮತ್ತು 2007ರಲ್ಲಿ ಫ್ರೆಂಚ್ ಕಪ್ ಗೆದ್ದಿತು. ಅಲ್ಲಿಯ ಕ್ರೀಡಾಂಗಣಕ್ಕೂ ನಾಜಿಗಳಿಂದ ಹತನಾದವನ ಹೆಸರೇ ಇದೆ: ತಂಡದ ನಿರ್ವಾಹಕನಾಗಿದ್ದ ಓಗುಸ್ತ್ ಬೊನಾಲ್.

1970ರ ದಶಕದ ಕೊನೆಗೆ 40,000 ಮಂದಿ ದುಡಿಯುತ್ತಿದ್ದ ಸೋಶೋ ಕಾರ್ಖಾನೆಯೂ ವರ್ಷಗಳು ಕಳೆದಂತೆ ಕುಗ್ಗಿತು. 2014ರಲ್ಲಿ ತಂಡ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಮರುವರ್ಷ ಪ್ಯೂಜೋ ಅದನ್ನು ದೂರದ ಚೀನೀ ಮೂಲದ ವಿದ್ಯುದ್ದೀಪದ ಕಂಪೆನಿಯೊಂದಕ್ಕೆ ಮಾರಿಬಿಟ್ಟಿತು. ಹೊಸ ಒಡೆಯರಿಗೆ ಆ ಊರೂ ತಿಳಿಯದು, ಅಲ್ಲಿನ ಜನರೂ ತಿಳಿಯರು. ಒಡೆತನ ಇನ್ನೊಂದು ಚೀನೀ ಕೈಗೆ ದಾಟಿ, ಲೆಕ್ಕ ಸರಿಹೊಂದದೆ 2023ರ ಬೇಸಗೆಯಲ್ಲಿ ತಂಡ ಮೂರನೆಯ ದರ್ಜೆಗೆ ತಳ್ಳಲ್ಪಟ್ಟು ಮುಚ್ಚುವ ಅಂಚಿಗೆ ಬಂತು. ಆಗ ಊರಿನ ಉದ್ಯಮಿಗಳು ಮುಂದಾದರು, ಹಿಂದಿನ ಅಧ್ಯಕ್ಷರು ಮರಳಿ ಬಂದರು. ‘ಸೋಸಿಯೋಶೋ’ ಎಂಬ ಅಭಿಮಾನಿಗಳ ಕೂಟ ಸಾವಿರಾರು ಜನರಿಂದ ಕೈಲಾದಷ್ಟು ಯೂರೋ ಕೂಡಿಸಿ ತಂಡದಲ್ಲಿ ಪಾಲು ಪಡೆಯಿತು. ನಮ್ಮಲ್ಲಿ ಊರಿನ ಭಜನಾ ಮಂದಿರಕ್ಕೋ ಕಬಡ್ಡಿ ಪಂದ್ಯಾಟಕ್ಕೋ ರಶೀದಿ ಪುಸ್ತಕ ಹಿಡಿದು ಮನೆಮನೆ ಹತ್ತುವ ಹಾಗೆಯೇ ಅನ್ನಿ. ಆಗಸ್ಟ್ ತಿಂಗಳಲ್ಲಿ ತಂಡ ಉಳಿಯಿತೆಂಬ ಸುದ್ದಿ ಬಂತು.

ಆ ಆಟಗಾರರನ್ನು ಸೋಶೋ ಜನ ಈಗಲೂ ‘ಸಿಂಹದ ಮರಿಗಳು’ ಎಂದೇ ಕರೆಯುತ್ತಾರೆ. ಸಿಂಹವೆಂದರೆ ಪ್ಯೂಜೋ ಕಾರಿನ ಲಾಂಛನ.