ಒಲೆಗೂ ಬೇಕು ಸಮಾಗ್ನಿ



ಮಾಗಿಯ ಚಳಿ ಬಲಿಯುವ ಈ ದಿನಗಳಲ್ಲಿ ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಬೆಳಗಿನ ಜಾವಕ್ಕೇ ಎರಡು ಬೆಂಕಿಗಳು ಎಚ್ಚರಗೊಳ್ಳುತ್ತವೆ. ಒಂದು, ಬಚ್ಚಲುಮನೆಯ ಹಂಡೆಯ ಒಲೆ. ಮಿಂದು ಮಡಿಯಾಗಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಹಿರಿಯರಿಗೆ ಬಿಸಿನೀರು ಆ ಹೊತ್ತಿಗೆ ಸಿದ್ಧವಿರಬೇಕು. ಇನ್ನೊಂದು, ಬಾಣಂತಿಯೋ ವೃದ್ಧರೋ ಮಲಗಿರುವ ಕೋಣೆಯ ಅಗ್ಗಿಷ್ಟಿಕೆ. ಈ ಎರಡೂ ಬೆಂಕಿಗಳು ನಮಗೆ ಉಪಕಾರ ಮಾಡುವಂಥವು. ಆದರೆ ಗಾಳಿಯ ಲೆಕ್ಕ ತಪ್ಪಿದಾಗ ಇವೇ ಕಟ್ಟಿಗೆಯನ್ನು ದಂಡ ಮಾಡುತ್ತವೆ, ಕಣ್ಣು ಮತ್ತು ಶ್ವಾಸಕೋಶಗಳನ್ನು ಕೆಡಿಸುತ್ತವೆ, ಕೆಲವೊಮ್ಮೆ ಪ್ರಾಣಕ್ಕೂ ಎರವಾಗುತ್ತವೆ. ಈ ತಿಂಗಳು ಔಷಧಿಯನ್ನು ಬದಿಗಿಟ್ಟು ಒಲೆಯ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ನನ್ನದೇ ಒಂದು ತಪ್ಪು.

ಅನೇಕ ವರ್ಷಗಳ ಹಿಂದಿನ ಮಾತು. ಹತ್ತಿರದ ಹಳ್ಳಿಯೊಂದರಿಂದ ಕರೆ ಬಂದಿತು. ಹೆರಿಗೆಯಾಗಿ ಹನ್ನೆರಡು ದಿನಗಳಾಗಿದ್ದ ತಾಯಿಗೆ ಪ್ರತಿದಿನ ಬೆಳಿಗ್ಗೆ ತಡೆಯಲಾರದ ತಲೆನೋವು, ವಾಕರಿಕೆ, ಕೈಕಾಲುಗಳಲ್ಲಿ ಬಲವಿಲ್ಲ. ಮಗು ಮೊಲೆಯನ್ನು ಸರಿಯಾಗಿ ಹಿಡಿಯದೆ ಸದಾ ನಿದ್ದೆಗಣ್ಣಿನಲ್ಲಿತ್ತು. ಬಾಣಂತಿ ನಂಜಾಗಿದೆ ಎಂದು ಮನೆಯವರು ಹೆದರಿದ್ದರು. ಹಗಲಿನಲ್ಲಿ ಅಂಗಳದ ಬಿಸಿಲಿಗೆ ಬಂದು ಕುಳಿತರೆ ತಲೆನೋವು ಇಳಿಯುತ್ತದೆ ಎಂದು ಆಕೆ ಹೇಳಿದಳು. ಆ ಮಾತಿನಿಂದ ನನಗೆ ಸಂಶಯ ಬಂದು ಕೋಣೆಯನ್ನು ನೋಡಿದೆ. ಕಿಟಕಿಗೆ ಗೋಣಿಚೀಲ ತುರುಕಿದ್ದರು, ಬಾಗಿಲ ಸಂದಿಗೆ ಬಟ್ಟೆ ಒತ್ತಿದ್ದರು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇತ್ತು. ಹೊಗೆ ಸ್ವಲ್ಪವೂ ಇರಲಿಲ್ಲ. ಕೂಡಲೇ ಕೆಂಡವನ್ನು ಹೊರಗೆ ಹಾಕಿಸಿ, ಬಾಗಿಲು ಕಿಟಕಿಗಳನ್ನು ತೆರೆಸಿ, ತಾಯಿ ಮಗುವನ್ನು ಪ್ರಾಣವಾಯು ಕೊಡುವ ಅನುಕೂಲವಿದ್ದ ಆಸ್ಪತ್ರೆಗೆ ಕಳುಹಿಸಿದೆ. ದೈವಕೃಪೆಯಿಂದ ಇಬ್ಬರೂ ಉಳಿದುಕೊಂಡರು.

ಅಜ್ಜಿಯನ್ನು ಕೇಳಿದಾಗ ಅವರು, "ನೀವೇ ಹೇಳಿದ್ದಿರಲ್ಲರಿ ಡಾಕ್ಟ್ರೇ, ಗಾಳಿ ಸೋಕದ ಹಾಗೆ ಬೆಚ್ಚಗೆ ಇಡಿರಿ ಅಂತ" ಎಂದರು. ನಾನು ಹಾಗೆಂದದ್ದು ನಿಜ. ಸೂತಿಕೆಯನ್ನು ನಿವಾತ ಸ್ಥಳದಲ್ಲಿ ಇರಿಸಬೇಕೆಂಬ ಶಾಸ್ತ್ರದ ಮಾತನ್ನು ಅರ್ಧ ಹೇಳಿ ಬಂದಿದ್ದೆ. ಉಳಿದರ್ಧವನ್ನು ಹೇಳಿರಲಿಲ್ಲ.

ಶಾಸ್ತ್ರದ ಉಳಿದರ್ಧ

ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ರೋಗಿಗಳಿಗಾಗಿ ಕಟ್ಟಬೇಕಾದ ಮನೆಯ ವರ್ಣನೆಯಿದೆ. ಆ ಮನೆ ನಿವಾತವಾಗಿರಬೇಕು, ಎಂದರೆ ನೇರವಾಗಿ ಗಾಳಿ ಬೀಸದಂತಿರಬೇಕು. ಅದರ ಜೊತೆಗೇ ಅದು 'ಪ್ರವಾತೈಕದೇಶ'ವೂ ಆಗಿರಬೇಕು, ಅಂದರೆ ಒಂದು ಭಾಗದಲ್ಲಿ ಗಾಳಿಯ ಸಂಚಾರ ಇರಲೇಬೇಕು. ಹೊಗೆಯೂ ಧೂಳೂ ಅಲ್ಲಿಗೆ ನುಗ್ಗಬಾರದು. ನಿವಾತವೆಂದರೆ ಗಾಳಿಯೇ ಇಲ್ಲದ ಪೆಟ್ಟಿಗೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಅದೇ ಸೂತ್ರಸ್ಥಾನದ 14ನೆಯ ಅಧ್ಯಾಯದಲ್ಲಿ ಹದಿಮೂರು ವಿಧದ ಸಾಗ್ನಿ ಸ್ವೇದಗಳನ್ನು, ಎಂದರೆ ಬೆಂಕಿಯ ನೆರವಿನಿಂದ ಬೆವರಿಸುವ ಚಿಕಿತ್ಸೆಗಳನ್ನು ಹೇಳಿದೆ. ಅವುಗಳಲ್ಲಿ ಒಂದು ಜೇಂತಾಕ ಸ್ವೇದ. ಮಣ್ಣಿನಿಂದ ಮೆತ್ತಿದ ದುಂಡನೆಯ ಗೃಹ, ಅದಕ್ಕೆ ಅನೇಕ ವಾತಾಯನಗಳು, ನಡುವೆ ಆಳೆತ್ತರದ ಮಣ್ಣಿನ ಒಲೆ. ಆ ಒಲೆಗೆ ಅನೇಕ ಸಣ್ಣ ರಂಧ್ರಗಳು, ಮೇಲೆ ಒಂದು ಮುಚ್ಚಳ. ಕಗ್ಗಲಿಯಂತಹ ಗಟ್ಟಿ ಕಟ್ಟಿಗೆಯನ್ನು ತುಂಬಿ ಉರಿಸಬೇಕು. ಕಟ್ಟಿಗೆ ಚೆನ್ನಾಗಿ ಉರಿದು, ಹೊಗೆ ಪೂರ್ತಿ ಹೋಗಿ, ಮನೆ ಕಾದ ನಂತರವೇ ರೋಗಿಯನ್ನು ಒಳಗೆ ಕಳುಹಿಸಬೇಕು. ಕೋಣೆಯನ್ನು ಬೆಚ್ಚಗಾಗಿಸುವ ಒಲೆಯ ಬಗ್ಗೆ ಅಷ್ಟು ಹಿಂದೆಯೇ ಮೂರು ವಿಷಯಗಳನ್ನು ಆಚಾರ್ಯರು ಗಮನಿಸಿದ್ದರು: ಬೆಂಕಿಗೆ ಗಾಳಿ ಬೇಕು, ಆ ಗಾಳಿಗೆ ಹಿಡಿತ ಬೇಕು, ಕೋಣೆಗೂ ಗಾಳಿಯ ದಾರಿ ಬೇಕು. ಹೊಗೆ ಮತ್ತು ಧೂಳನ್ನು ಶ್ವಾಸರೋಗದ ಕಾರಣಗಳಲ್ಲಿ ಚರಕರು ಎಣಿಸಿದ್ದಾರೆ. ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು ಸುಶ್ರುತರು ಪ್ರತ್ಯೇಕವಾಗಿಯೇ ವಿವರಿಸಿದ್ದಾರೆ.

ಒಲೆಯ ನಾಲ್ಕು ಅಗ್ನಿಗಳು

ಜಠರಾಗ್ನಿಯಲ್ಲಿ ಮಂದ, ತೀಕ್ಷ್ಣ, ವಿಷಮ, ಸಮ ಎಂಬ ನಾಲ್ಕು ಬಗೆಗಳನ್ನು ತಾವು ಕೇಳಿರುತ್ತೀರಿ. ಒಲೆಯನ್ನು ತಿಳಿಯುವುದಕ್ಕೂ ಈ ವಿಭಾಗ ಚೆನ್ನಾಗಿ ಒದಗುತ್ತದೆ.

ಗಾಳಿ ಸಾಲದ ಒಲೆ ಮಂದಾಗ್ನಿ. ಉಂಡ ಅನ್ನ ಪಚನವಾಗದಿದ್ದರೆ ಆಮವಾಗುವಂತೆ, ಕಟ್ಟಿಗೆ ಪೂರ್ತಿ ಉರಿಯದಿದ್ದರೆ ಹೊಗೆ, ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತವೆ. ಹೊಗೆ ಎಂಬುದು ಒಲೆಯ ಆಮ. ಅದರಲ್ಲಿ ಶಾಖವಾಗಬೇಕಾಗಿದ್ದ ಕಟ್ಟಿಗೆಯ ಅಂಶವೇ ಉರಿಯದೆ ಹೊರಗೆ ಹೋಗುತ್ತಿರುತ್ತದೆ.

ಗಾಳಿ ಮಿತಿಮೀರಿದ ಒಲೆ ತೀಕ್ಷ್ಣಾಗ್ನಿ. ಜ್ವಾಲೆ ಭೋರೆಂದು ಹೊಗೆಕೊಳವೆಯೊಳಕ್ಕೆ ಓಡುತ್ತದೆ. ನೋಡುವವರಿಗೆ ಬೆಂಕಿ ಜೋರಾಗಿದೆ ಎನಿಸುತ್ತದೆ. ಆದರೆ ಹಂಡೆಗೆ ಸಿಗಬೇಕಾದ ಕಾವು ಮಾಳಿಗೆಯ ಮೇಲಿನ ಆಕಾಶಕ್ಕೆ ಸಲ್ಲುತ್ತದೆ.

ಒಮ್ಮೆ ಭುಗಿಲೆದ್ದು ಒಮ್ಮೆ ನಂದುವ ಒಲೆ ವಿಷಮಾಗ್ನಿ. ಹಸಿ ಕಟ್ಟಿಗೆ, ಒಮ್ಮೆಲೇ ತುರುಕಿದ ದಪ್ಪ ಕೊರಡು, ಮೇಲಿನಿಂದ ಹಿಂದಕ್ಕೆ ತಳ್ಳುವ ಗಾಳಿ ಇವು ಅದರ ಕಾರಣಗಳು.

ತಿಳಿಯಾದ ಹಳದಿ ಜ್ವಾಲೆ ಹಂಡೆಯ ತಳವನ್ನು ನೆಕ್ಕುತ್ತಿದ್ದು, ಹೊಗೆಕೊಳವೆಯ ತುದಿಯಲ್ಲಿ ಹೊಗೆ ಕಂಡೂ ಕಾಣದಂತಿದ್ದರೆ ಅದು ಸಮಾಗ್ನಿ. ನಾವು ಸಾಧಿಸಬೇಕಾದದ್ದು ಇದನ್ನು.

ಲೆಕ್ಕ ಏನು ಹೇಳುತ್ತದೆ?

ಒಂದು ಹಂಡೆಯಲ್ಲಿ 40 ಲೀಟರ್ ನೀರಿದೆ ಎಂದುಕೊಳ್ಳಿ. ಅದನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 1,000 ಕಿಲೋ ಕ್ಯಾಲೊರಿ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3,500ರಿಂದ 4,000 ಕಿಲೋ ಕ್ಯಾಲೊರಿ ಇರುತ್ತದೆ. ಹಾಗಾದರೆ ಕಾಲು ಕಿಲೋ ಕಟ್ಟಿಗೆ ಸಾಕಾಗಬೇಕಲ್ಲವೇ? ಮೂರು ಕಲ್ಲಿನ ತೆರೆದ ಒಲೆಯಲ್ಲಿ ನೂರಕ್ಕೆ ಸುಮಾರು ಹತ್ತು ಭಾಗ ಶಾಖ ಮಾತ್ರ ನೀರಿಗೆ ಮುಟ್ಟುವುದರಿಂದ ಎರಡೂವರೆಯಿಂದ ಮೂರು ಕಿಲೋ ಉರಿಯುತ್ತದೆ. ನೂರಕ್ಕೆ ಮೂವತ್ತು ಭಾಗ ಮುಟ್ಟುವಂತೆ ಒಲೆಯನ್ನು ತಿದ್ದಿದರೆ ಒಂದು ಕಿಲೋಗಿಂತ ಕಡಿಮೆ ಸಾಕು. ಚಳಿಗಾಲದ ನಾಲ್ಕು ತಿಂಗಳಿಗೆ ಒಂದು ಹಂಡೆಯಿಂದಲೇ ಸುಮಾರು ಎರಡು ಕ್ವಿಂಟಲ್ ಕಟ್ಟಿಗೆ ಉಳಿಯುತ್ತದೆ. ಅಷ್ಟನ್ನು ತಲೆಯ ಮೇಲೆ ಹೊತ್ತು ತರುವವರು ಯಾರು ಎಂಬುದನ್ನು ಮನೆಯ ಗಂಡಸರು ಯೋಚಿಸಬೇಕು.

ಇದು ಆಗದ ಮಾತೇನಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗಳ ಅಗತ್ಯಕ್ಕೆ ವಿಜ್ಞಾನವನ್ನು ಹೊಂದಿಸುವುದು ಅದರ ಉದ್ದೇಶ. ಅಲ್ಲಿ ರೂಪುಗೊಂಡ 'ಅಸ್ತ್ರ ಒಲೆ' ನಮ್ಮ ನಾಡಿನ ಸಾವಿರಾರು ಮನೆಗಳನ್ನು ಸೇರಿತು. ಮೂರು ಪಾತ್ರೆಗಳ ಆ ಒಲೆಯ ಗುಟ್ಟು ಇಷ್ಟೇ: ಕಟ್ಟಿಗೆಯ ಕೆಳಗೆ ಜಾಲರಿ, ಅದರ ಕೆಳಗಿನಿಂದ ಅಳತೆಯ ಗಾಳಿ, ಪಾತ್ರೆಯ ತಳಕ್ಕೆ ಒತ್ತಿಕೊಂಡು ಸಾಗುವ ಬಿಸಿಗಾಳಿಯ ದಾರಿ, ಕೊನೆಗೆ ಹೊಗೆಕೊಳವೆ. ಹಂಡೆಯ ಒಲೆಗೂ ಇದೇ ತತ್ತ್ವ ಅನ್ವಯಿಸುತ್ತದೆ.

ಹಂಡೆಯ ಒಲೆಯನ್ನು ತಿದ್ದುವ ಬಗೆ

1. ಕಟ್ಟಿಗೆಯನ್ನು ನೆಲದ ಮೇಲಿಟ್ಟು ಉರಿಸಬೇಡಿ. ಕಬ್ಬಿಣದ ಸರಳುಗಳ ಜಾಲರಿಯನ್ನು ಕೂರಿಸಿ, ಅದರ ಕೆಳಗೆ ನಾಲ್ಕೈದು ಅಂಗುಲ ಆಳದ ಬೂದಿಗುಂಡಿಯನ್ನು ಬಿಡಿ. ಬೂದಿಯನ್ನು ಪ್ರತಿದಿನ ತೆಗೆಯಿರಿ. ಬೂದಿ ತುಂಬಿದರೆ ಒಲೆಯ ಉಸಿರು ಕಟ್ಟುತ್ತದೆ.

2. ಹಂಡೆಯ ಸುತ್ತ ಮಣ್ಣಿನ ಅಥವಾ ಇಟ್ಟಿಗೆಯ ಗೋಡೆಯನ್ನು ಒಂದು ಬೆರಳಿನಷ್ಟು ಸಂದಿ ಬಿಟ್ಟು ಎಬ್ಬಿಸಿ. ಬಿಸಿಗಾಳಿ ಹಂಡೆಯನ್ನು ಬಳಸಿಕೊಂಡು ಹೋಗುತ್ತದೆ. ಸಂದಿ ಅಗಲವಾದರೆ ಕಾವು ನುಣುಚಿಕೊಳ್ಳುತ್ತದೆ, ತೀರ ಕಿರಿದಾದರೆ ಹೊಗೆ ಒಲೆಬಾಯಿಯಿಂದ ಹಿಂದಕ್ಕೆ ಬರುತ್ತದೆ.

3. ಬಿಸಿಗಾಳಿ ಹಗುರವಾದ್ದರಿಂದ ಮೇಲೇರುತ್ತದೆ, ಆ ಸೆಳೆತವೇ ಕೆಳಗಿನಿಂದ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಕೊಳವೆ ಎತ್ತರವಾಗಿದ್ದಷ್ಟೂ ನೆಟ್ಟಗಿದ್ದಷ್ಟೂ ಸೆಳೆತ ಚೆನ್ನಾಗಿರುತ್ತದೆ. ಅದು ಮಾಳಿಗೆಯನ್ನು ದಾಟಿ ಎರಡು ಮೂರು ಅಡಿ ಮೇಲಕ್ಕೆ ಹೋಗಲಿ, ತುದಿಗೆ ಮಳೆನೀರು ಇಳಿಯದಂತೆ ಟೊಪ್ಪಿಗೆ ಇರಲಿ. ಕಲ್ನಾರಿನ ಕೊಳವೆಯನ್ನು ಹೊಸದಾಗಿ ಹಾಕಿಸಬೇಡಿ. ಹಳೆಯದಿದ್ದರೆ ಅದನ್ನು ಗರಗಸದಿಂದ ಕೊಯ್ಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

4. ಗಾಳಿಯ ಹಿಡಿತವನ್ನು ಬೂದಿಗುಂಡಿಯ ಬಾಯಿಯಲ್ಲಿ ಇಟ್ಟುಕೊಳ್ಳಿ. ಅಲ್ಲಿಗೆ ಒಂದು ಇಟ್ಟಿಗೆಯೋ ತಗಡಿನ ತುಂಡೋ ಸಾಕು. ಹೊತ್ತಿಸುವಾಗ ಪೂರ್ತಿ ತೆರೆದಿಡಿ. ಜ್ವಾಲೆ ನಿಂತ ಮೇಲೆ ಅರ್ಧ ಮುಚ್ಚಿ. ಕೆಂಡ ಮಾತ್ರ ಉಳಿದಾಗ ಇನ್ನಷ್ಟು ಕಿರಿದು ಮಾಡಿ. ಆದರೆ ಕೆಂಡ ಇರುವವರೆಗೆ ಹೊಗೆಕೊಳವೆಯನ್ನು ಎಂದಿಗೂ ಮುಚ್ಚಬೇಡಿ. ಒಳಬರುವ ಗಾಳಿಗೆ ಕಡಿವಾಣ, ಹೊರಹೋಗುವ ಹೊಗೆಗೆ ತೆರೆದ ದಾರಿ: ಇದೊಂದನ್ನು ಮರೆಯದಿದ್ದರೆ ಸಾಕು.

5. ಕಟ್ಟಿಗೆಯನ್ನು ಸೀಳಿ, ಒಂದು ಬೇಸಿಗೆ ಒಣಗಿಸಿ ಬಳಸಿ. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಮೊದಲ ಬೆಂಕಿ ಆ ನೀರನ್ನು ಆವಿ ಮಾಡುವುದಕ್ಕೇ ಸವೆಯುತ್ತದೆ.

6. ಒಲೆ ಹೊತ್ತಿಸಲು ಹಾಲಿನ ಪ್ಯಾಕೆಟ್, ಹಳೆಯ ಚಪ್ಪಲಿ, ಟೈರಿನ ತುಂಡು ಹಾಕುವ ಅಭ್ಯಾಸವನ್ನು ಬಿಡಿ. ಅವುಗಳ ಹೊಗೆ ಕಟ್ಟಿಗೆಯ ಹೊಗೆಗಿಂತ ಹೆಚ್ಚು ವಿಷಕರ.

7. ಹಂಡೆಗೆ ಮುಚ್ಚಳವಿರಲಿ. ತಳದ ಮಸಿಯನ್ನು ಆಗಾಗ ಕೆರೆಯಿರಿ. ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಗೆಸಿ.

ಸೆಳೆತ ಸರಿಯಿದೆಯೇ ಎಂದು ತಿಳಿಯಲು ಊದಿನಕಡ್ಡಿಯೊಂದನ್ನು ಹಚ್ಚಿ, ಉರಿಯುವ ಒಲೆಯ ಬಾಯಿಯ ಪಕ್ಕದಲ್ಲಿ ಹಿಡಿಯಿರಿ. ಅದರ ಹೊಗೆ ಒಲೆಯೊಳಕ್ಕೆ ಬಾಗಿದರೆ ಒಳ್ಳೆಯದು. ಹೊರಕ್ಕೆ ಬಾಗಿದರೆ ಕೊಳವೆ ಕಟ್ಟಿಕೊಂಡಿದೆ ಅಥವಾ ಕೋಣೆಗೆ ಗಾಳಿ ಬರುವ ದಾರಿ ಇಲ್ಲ. ಗಾಳಿ ಹೊರಗೆಳೆಯುವ ಫ್ಯಾನ್ ಅದೇ ಕೋಣೆಯಲ್ಲಿ ತಿರುಗುತ್ತಿದ್ದರೆ ಅದು ಹೊಗೆಯನ್ನು ಕೊಳವೆಯಿಂದ ಕೆಳಕ್ಕೆ ಎಳೆಯಬಹುದು, ಅದನ್ನೂ ನೋಡಿ.

ಕಾಣದ ವಿಷ

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆಯಿಲ್ಲದ ಕೆಂಡವೇ ಇದನ್ನು ಧಾರಾಳವಾಗಿ ಹೊರಬಿಡುತ್ತದೆ. ಆದ್ದರಿಂದ 'ಹೊಗೆಯಿಲ್ಲ, ಭಯವಿಲ್ಲ' ಎಂಬ ನಂಬಿಕೆ ತಪ್ಪು. ಬಾಣಂತಿಯ ಕೋಣೆಯಲ್ಲಿ ಉರಿಯುವ ಅಗ್ಗಿಷ್ಟಿಕೆ ಬೇಡ. ಬೆಚ್ಚನೆಯ ಹೊದಿಕೆ, ಬಿಸಿನೀರಿನ ಚೀಲ, ಹೊರಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ತಂದ ಇಟ್ಟಿಗೆ ಇವುಗಳಿಂದ ತಾಯಿಗೆ ಕಾವು ಸಾಕಷ್ಟು ದೊರೆಯುತ್ತದೆ. ಬಿಸಿ ಚೀಲವಾಗಲಿ ಇಟ್ಟಿಗೆಯಾಗಲಿ ಕೂಸಿನ ಮೈಗೆ ತಾಗಬಾರದು. ಧೂಪ ಹಾಕುವ ರೂಢಿಯಿದ್ದರೆ ತಾಯಿ ಮಗು ಹೊರಗಿರುವಾಗ ಹಾಕಿ, ಹೊಗೆ ಹೋದ ಮೇಲೆ ಅವರನ್ನು ಒಳಗೆ ಕರೆದುಕೊಳ್ಳಿ. ಪಟ್ಟಣಗಳಲ್ಲಿ ಕಿಟಕಿಯಿಲ್ಲದ ಸ್ನಾನದ ಕೋಣೆಯೊಳಗೆ ಕೂರಿಸಿದ ಗ್ಯಾಸ್ ಗೀಸರ್ ಕೂಡ ಇದೇ ಅಪಾಯವನ್ನು ತರುತ್ತದೆ. ಅದನ್ನು ಹೊರಗೋಡೆಗೆ ಹಾಕಿಸಿ.

ಮುಚ್ಚಿದ ಕೋಣೆಯಲ್ಲಿ ಬೆಂಕಿಯಿದ್ದು ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಬಂದರೆ ಮೊದಲು ಈ ವಿಷವನ್ನೇ ಸಂಶಯಿಸಿ. ಎಲ್ಲರನ್ನೂ ತೆರೆದ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ. ಇದಕ್ಕೆ ಪ್ರಾಣವಾಯುವೇ ಚಿಕಿತ್ಸೆ. ಕಷಾಯವಾಗಲಿ ಲಿಂಬೆರಸವಾಗಲಿ ಕುಡಿಸುತ್ತ ಹೊತ್ತು ಕಳೆಯಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ ಸರಿಯಾದ ಅಂಕಿಯನ್ನೇ ತೋರಿಸಿ ಮೋಸ ಮಾಡಬಹುದು, ಅದನ್ನು ನಂಬಿ ಕೂರಬೇಡಿ.

ನಿತ್ಯದ ಹೊಗೆ ಕೊಲ್ಲುವುದು ನಿಧಾನವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮನೆಯೊಳಗಿನ ಹೊಗೆಯ ಕಾರಣದಿಂದ ತೀರಿಕೊಂಡರು. ಮಕ್ಕಳಲ್ಲಿ ನ್ಯುಮೋನಿಯಾ, ದೊಡ್ಡವರಲ್ಲಿ ದೀರ್ಘಕಾಲದ ಶ್ವಾಸರೋಗ ಮತ್ತು ಹೃದಯದ ಕಾಯಿಲೆ, ಹೆಂಗಸರಲ್ಲಿ ಕಣ್ಣಿನ ಪೊರೆ, ಇವೆಲ್ಲಕ್ಕೂ ಒಲೆಯ ಹೊಗೆಯ ನಂಟಿದೆ. ಬೀಡಿ ಸಿಗರೇಟು ಮುಟ್ಟದ ತಾಯಂದಿರು ಕೆಮ್ಮಿ ಕೆಮ್ಮಿ ಬಂದಾಗ ನಾನು ಈಗ ನಾಡಿ ನೋಡುವ ಜೊತೆಗೆ "ನಿಮ್ಮ ಮನೆಯ ಒಲೆಯ ಹೊಗೆ ಎಲ್ಲಿಂದ ಹೋಗುತ್ತದೆ ತಾಯಿ?" ಎಂದು ಕೇಳುತ್ತೇನೆ. ಒಲೆ ಹಾಗೆಯೇ ಇದ್ದರೆ ನಾನು ಕೊಡುವ ಆಡುಸೋಗೆಯ ಲೇಹ್ಯ ಎಷ್ಟು ದಿನ ಕೆಲಸ ಮಾಡೀತು?

ಅನಿಲದ ಒಲೆಗೂ ಸೌರ ಹೀಟರಿಗೂ ಅನುಕೂಲವಿದ್ದವರು ಅವನ್ನೇ ಬಳಸಲಿ, ಅದು ಎಲ್ಲಕ್ಕಿಂತ ಲೇಸು. ಕಟ್ಟಿಗೆಯ ಒಲೆ ಉಳಿಯುವ ಮನೆಗಳಲ್ಲಿ ಅದನ್ನು ತಿದ್ದಿಕೊಳ್ಳುವುದು ಕೂಡ ಕಾಯಕವೇ. ಉಳಿದ ಕಟ್ಟಿಗೆ ಉಳಿದ ಮರ. ಉಳಿದ ಉಸಿರು ಮನೆಯವರಿಗೆ ಸಲ್ಲುವ ದಾಸೋಹ. ಈ ವಾರ ಬಿಡುವಿನಲ್ಲಿ ತಮ್ಮ ಮನೆಯ ಬಚ್ಚಲಿನ ಒಲೆಯ ಮುಂದೆ ಒಂದು ಊದಿನಕಡ್ಡಿ ಹಿಡಿದು ನೋಡಿ. ನೆರೆಮನೆಯಲ್ಲಿ ಬಾಣಂತಿಯಿದ್ದರೆ ಹೋಗಿ ಅವರ ಕೋಣೆಯ ಒಂದು ಕಿಟಕಿಯನ್ನಾದರೂ ತೆರೆಸಿ ಬನ್ನಿ.