ಹವಳಕ್ಕೆ ಸುಣ್ಣ ಉಣಿಸುವ ಬಗೆ

ರಾಬರ್ಟ್‌ಸನ್‌ಪೇಟೆಗೂ ಸಮುದ್ರಕ್ಕೂ ಬಹಳ ದೂರ. ಆದರೂ ಹೋದ ತಿಂಗಳೆಲ್ಲ ನಮ್ಮ ಮನೆಯಲ್ಲಿ ಹವಳದ ಮಾತೇ ಮಾತಾಗಿತ್ತು. ಮೆಲ್ಬೋರ್ನಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗ 400 ಲೀಟರಿನ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳಗಳನ್ನು ಸಾಕಿದ್ದಾನೆ. ಅವುಗಳ ಕೊಂಬೆಗಳ ತುದಿ ಸುಟ್ಟಂತೆ ಬೆಳ್ಳಗಾಗತೊಡಗಿತು. “ಮಾವ, ದಿನಕ್ಕೆ ಎರಡು ಸಲ ಯಂತ್ರದ ತಿರುಪು ತಿರುಗಿಸಿ ಹದ ಮಾಡುತ್ತಲೇ ಇದ್ದೇನೆ, ಆದರೂ ಹೀಗಾಗುತ್ತಿದೆ” ಎಂದು ಫೋನಿನಲ್ಲಿ ಹೇಳಿದ. ದಿನಕ್ಕೆ ಎರಡು ಸಲ ತಿರುಗಿಸುವುದೇ ರೋಗವಿರಬೇಕೆಂದೆ. ಅದು ಏಕೆಂಬುದನ್ನು ತಿಳಿಯಬೇಕಾದರೆ ಮೊದಲು ಹವಳದ ಸಂಸಾರವನ್ನು ಸ್ವಲ್ಪ ನೋಡಬೇಕು.

ಹವಳವು ಗಿಡವಲ್ಲ, ಬರಿಯ ಕಲ್ಲೂ ಅಲ್ಲ. ಸಣ್ಣ ಸಣ್ಣ ಪ್ರಾಣಿಗಳ ಕೂಟ. ಇವು ಕಡಲ ನೀರಿನಿಂದ ಕ್ಯಾಲ್ಸಿಯಮ್ಮನ್ನೂ ಬೈಕಾರ್ಬೊನೇಟನ್ನೂ ಹೀರಿಕೊಂಡು ತಮ್ಮ ಅಡಿಯಲ್ಲಿ ಸುಣ್ಣಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. ನಮ್ಮ ರಾಜ್ಯದಲ್ಲಿಯೇ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಆದರೆ ಇಂಥ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವನ್ನು ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. ಓದುಗರು ಇದನ್ನು ನೋಡಿ ಹವಳ ಹುಡುಕಲು ಹೊರಡಬಾರದೆಂದೇ ಈ ಮಾತನ್ನು ಮೊದಲು ಹೇಳಿದ್ದೇನೆ.

ಕಡಲಿನಲ್ಲಿ ಈ ಪದಾರ್ಥಗಳು ಎಷ್ಟು ತೆಗೆದರೂ ಮುಗಿಯವು. ತೊಟ್ಟಿಯಲ್ಲಿ ದಿನದಿನಕ್ಕೂ ಮುಗಿಯುತ್ತ ಬರುತ್ತವೆ. ಮುಗಿದಷ್ಟನ್ನು ಮುಗಿದ ವೇಗದಲ್ಲಿಯೇ ಮರಳಿ ತುಂಬುವ ಸಲಕರಣೆಗೆ ಕ್ಯಾಲ್ಸಿಯಂ ರಿಯಾಕ್ಟರ್ ಎಂದು ಹೆಸರು. ಅದರ ತತ್ತ್ವವನ್ನರಿಯಲು ವೀಳ್ಯದ ಸುಣ್ಣ ಸಾಕು. ಒಂದು ಚಿಟಿಕೆ ಸುಣ್ಣವನ್ನು ಲೋಟದ ನೀರಿನಲ್ಲಿ ಕದಡಿ ಬಿಡಿ. ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಬಸಿದುಕೊಂಡು, ಸಣ್ಣ ಕೊಳವೆಯಿಂದ ಅದರೊಳಕ್ಕೆ ಊದಿ. ಊದುವವರು ಮಕ್ಕಳಾದರೆ ತಪ್ಪಿ ಹೀರದಂತೆ ದೊಡ್ಡವರು ಪಕ್ಕದಲ್ಲಿರಬೇಕು. ಉಸಿರಿನ ಇಂಗಾಲಾಮ್ಲ ವಾಯು, ಅಂದರೆ ಗೋಲಿಸೋಡಾದಲ್ಲಿ ಬುರುಗೆಬ್ಬಿಸುವ ವಾಯುವೇ, ತಾಗಿದೊಡನೆ ನೀರು ಹಾಲಿನಂತಾಗುತ್ತದೆ. ಅದು ಸುಣ್ಣಕಲ್ಲಿನ ಪುಡಿ. ಬಹಳ ಹೊತ್ತು ಊದುತ್ತಲೇ ಇದ್ದರೆ ಆ ಹಾಲು ಮತ್ತೆ ಮೆಲ್ಲಗೆ ತಿಳಿಯಾಗುತ್ತ ಬರುತ್ತದೆ. ಕಲ್ಲು ಬೈಕಾರ್ಬೊನೇಟಾಗಿ ಕರಗಿತೆಂದು ಅರ್ಥ. ಆ ನೀರನ್ನು ಕಾಯಿಸಿದರೆ ವಾಯು ಹೊರಟುಹೋಗಿ ಕಲ್ಲು ಮರಳಿ ಕಾಣಿಸಿಕೊಳ್ಳುತ್ತದೆ. ಕೊಳವೆ ಬಾವಿಯ ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವುದೂ ಹೀಗೆಯೇ.

ರಿಯಾಕ್ಟರೆಂದರೆ ಹವಳದ ಕಲ್ಲಿನ ಚೂರು ತುಂಬಿ ಮುಚ್ಚಿದ ಒಂದು ದಪ್ಪ ಕೊಳವೆ. ಸಿಲಿಂಡರಿನಿಂದ ಇಂಗಾಲಾಮ್ಲ ವಾಯು ಗುಳ್ಳೆಗುಳ್ಳೆಯಾಗಿ ಅದರೊಳಕ್ಕೆ ಬರುತ್ತದೆ. ಪಂಪು ನೀರನ್ನು ಕಲ್ಲಿನ ನಡುವೆ ಸುತ್ತಿಸುತ್ತದೆ. ತೊಟ್ಟಿಯಲ್ಲಿ ಪಿ.ಎಚ್. 8ಕ್ಕಿಂತ ಸ್ವಲ್ಪ ಮೇಲಿದ್ದರೆ ಕೊಳವೆಯೊಳಗೆ 6.5ರ ಆಸುಪಾಸಿಗೆ ಇಳಿದು ಕಲ್ಲು ಕರಗುತ್ತದೆ. ಹಾಗೆ ಕರಗಿದ ನೀರು ಹನಿಹನಿಯಾಗಿ ತೊಟ್ಟಿಗೆ ಸೇರುತ್ತದೆ. ತಿರುಪುಗಳು ಎರಡೇ: ಗುಳ್ಳೆಗೆ ಒಂದು, ಹನಿಗೆ ಒಂದು. ಎರಡೇ ಇರುವುದರಿಂದಲೇ ಕೈ ಸುಮ್ಮನಿರುವುದಿಲ್ಲವೆಂದು ಕಾಣುತ್ತದೆ.

ಅಳೆಯಬೇಕಾದುದು ಕ್ಷಾರತ್ವವನ್ನು, ನೀರು ಎಷ್ಟು ಆಮ್ಲವನ್ನು ತಡೆದುಕೊಳ್ಳಬಲ್ಲುದೆಂಬ ಲೆಕ್ಕವನ್ನು. ಬಣ್ಣದ ದ್ರವವೊಂದನ್ನು ನೀರಿಗೆ ಬೆರೆಸಿ, ಬಣ್ಣ ತಿರುಗುವವರೆಗೆ ಆಮ್ಲವನ್ನು ಹನಿಹನಿಯಾಗಿ ಹಾಕುತ್ತಾರೆ. ಕಡಲಿನ ನೀರಿಗೆ ಇದು ಸುಮಾರು 7 ಡಿಗ್ರಿ. ತೊಟ್ಟಿಯವರು 7ರಿಂದ 9ರ ನಡುವೆ ಇಟ್ಟುಕೊಳ್ಳುತ್ತಾರೆ.

ಈ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು, ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಅದಿರಿನ ಪುಡಿಯಲ್ಲಿರುವ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸುವಾಗ ಸುಣ್ಣ ಬೆರೆಸಿ ಕ್ಷಾರತ್ವವನ್ನು ಕಾಯಲೇಬೇಕು. ಅದಿರಿನ ಗಂಧಕದ ಖನಿಜಗಳು ಆಮ್ಲವನ್ನು ಹುಟ್ಟಿಸುತ್ತವೆ. ಕ್ಷಾರತ್ವ ಕುಸಿದರೆ ಸೈನೈಡು ವಿಷವಾಯುವಾಗಿ ಮೇಲೇಳುತ್ತದೆ. ಅಲ್ಲಿ ಮನುಷ್ಯರ ಉಸಿರಿನ ಪ್ರಶ್ನೆ, ಇಲ್ಲಿ ಹವಳದ ಪ್ರಾಣದ್ದು. ನಮ್ಮ ತಂದೆಯವರು ಆ ಕೆಲಸದಲ್ಲಿದ್ದವರು. ಅಳತೆಯನ್ನು ಪುಸ್ತಕದಲ್ಲಿ ಬರೆಯದೆ ಸುಣ್ಣ ಹಾಕಲು ಹೊರಟವನನ್ನು ಅವರು ಬೈಯದೆ ಬಿಟ್ಟದ್ದಿಲ್ಲ.

ಮೊಮ್ಮಗನಿಗೂ ಅದನ್ನೇ ಹೇಳಬೇಕಾಯಿತು. ಮೊದಲು ಯಂತ್ರವನ್ನು ನಿಲ್ಲಿಸಿ, ಅಡಿಗೆ ಸೋಡಾ ಕರಗಿಸಿ, ದಿನಕ್ಕೆ 1 ಡಿಗ್ರಿ ಮೀರದಂತೆ ತೊಟ್ಟಿಯನ್ನು ಬೇಕಾದ ಮಟ್ಟಕ್ಕೆ ತರಬೇಕು. ಯಂತ್ರವಿರುವುದು ಮಟ್ಟವನ್ನು ಕಾಯಲು, ಏರಿಸಲು ಅಲ್ಲ. ಬಳಿಕ ಎರಡು ಮೂರು ದಿನ ಏನನ್ನೂ ಹಾಕದೆ ಒಂದೇ ಹೊತ್ತಿಗೆ ಅಳೆದರೆ ಹವಳಗಳ ದಿನದ ಊಟವೆಷ್ಟೆಂದು ತಿಳಿಯುತ್ತದೆ. ಅವನ ತೊಟ್ಟಿಯಲ್ಲಿ ಅದು ದಿನಕ್ಕೆ 1 ಡಿಗ್ರಿ; 400 ಲೀಟರಿಗೆ 400 ಪಾಲು. ಯಂತ್ರದಿಂದ ಬರುವ ನೀರು 30 ಡಿಗ್ರಿ, ತೊಟ್ಟಿಯದು 8. ಲೀಟರಿಗೆ ದೊರೆಯುವ ಲಾಭ 22. 400ನ್ನು 22ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 18 ಲೀಟರ್, ಎಂದರೆ ನಿಮಿಷಕ್ಕೆ 12ರಿಂದ 13 ಮಿಲಿಲೀಟರ್. ಹನಿಯನ್ನು ಅಷ್ಟಕ್ಕೆ ನಿಲ್ಲಿಸಿ, ಅದು 30 ಡಿಗ್ರಿಯಲ್ಲಿಯೇ ಇರುವಂತೆ ಗುಳ್ಳೆಯೊಂದನ್ನೇ ಹದ ಮಾಡಬೇಕು. ತೊಟ್ಟಿ ದೊಡ್ಡದು, ಹನಿ ಸಣ್ಣದು. ಇಂದು ಮಾಡಿದ ಬದಲಾವಣೆ ಸರಿಯೋ ತಪ್ಪೋ ಎಂಬುದು ತೊಟ್ಟಿಯಲ್ಲಿ ಕಾಣಲು ಎರಡು ಮೂರು ದಿನ ಬೇಕು. ಬೆಳಿಗ್ಗೆ ಬಿಗಿದು ಸಂಜೆ ಸಡಿಲಿಸಿದವನಿಗೆ ಅದು ಕಾಣುವುದು ಹೇಗೆ?

ವಾಯು ಹೆಚ್ಚಾದರೆ ಕಲ್ಲಿನ ಚೂರು ಕೆಸರಾಗುತ್ತದೆ, ಮಿಕ್ಕ ವಾಯು ತೊಟ್ಟಿಗೆ ಹೋಗಿ ಅಲ್ಲಿಯ ಪಿ.ಎಚ್. ಇಳಿಸುತ್ತದೆ. ಹನಿಯ ತೂತಿಗೆ ಸುಣ್ಣ ಕಟ್ಟಿ ಹರಿವು ತಾನಾಗಿ ಕುಗ್ಗುವುದೂ ಉಂಟು. ವಾರಕ್ಕೊಮ್ಮೆ ಅಳತೆಯ ಪಾತ್ರೆ, ಗಡಿಯಾರ ಹಿಡಿದು ನೋಡಬೇಕು. ಕರೆಂಟು ಹೋದಾಗ ಪಂಪು ನಿಂತು ಗುಳ್ಳೆ ಮಾತ್ರ ಬರುತ್ತಿದ್ದರೆ ಕೊಳವೆಯೊಳಗೆ ಆಮ್ಲ ಏರುತ್ತದೆ. ಅದಕ್ಕಾಗಿ ವಿದ್ಯುತ್ತಿನೊಡನೆ ತಾನೂ ಮುಚ್ಚಿಕೊಳ್ಳುವ ಕವಾಟವನ್ನು ಸಿಲಿಂಡರಿಗೆ ಹಾಕಿರುತ್ತಾರೆ.

ಹೋದ ಭಾನುವಾರ ಅವನ ಪಟ್ಟಿ ಬಂತು: 7.8, 8, 8, 7.9, 8. ಎರಡು ಕೊಂಬೆ ಸತ್ತಿವೆ. ಉಳಿದವುಗಳ ತುದಿಗೆ ಬಣ್ಣ ಬರುತ್ತಿದೆಯಂತೆ.